ಮೂರು ಬಾಲದ ವಿಮಾನ

ನನ್ನ ಕಿರಿಮಗ ಸಿದ್ದರಾಜು ಹಾರಾಡುತ್ತಿದ್ದ ವಿಮಾನಕ್ಕೆ ಮೂರು ಬಾಲ. ದೇವರಾಣೆ, ಇದು ನಾನು ಕಟ್ಟಿದ್ದಲ್ಲ. ಮದುವೆಗೆ ಬಂದಾಗ ಅವನೇ ಫೋಟೋ ತಂದು ತೋರಿಸಿದ್ದ. ಉದ್ದಕ್ಕೆ, ಬೆನ್ನು ಒಂಚೂರು ಬಾಗಿ, ನೀರಿನಿಂದ ನೆಗೆದ ಮೀನಿನ ಹಾಗಿತ್ತು. ರೆಕ್ಕೆಗೆ ನಾಲ್ಕು ಫ್ಯಾನು. ಮೊದಲು ಅದು ದುಡ್ಡಿದ್ದ ಜನರನ್ನು ಕೂರಿಸಿಕೊಂಡು ಬೊಂಬಾಯಿಯಿಂದ ಲಂಡನ್ನಿಗೆ ಹೋಗುತ್ತಿತ್ತಂತೆ. ಹೊಸ ಥರದ ವಿಮಾನಗಳು ಬಂದ ಮೇಲೆ ಇದಕ್ಕೆ ವಯಸ್ಸಾಯಿತು ಅಂತ ಮಿಲಿಟರಿಗೆ ಕೊಟ್ಟರಂತೆ. ಮಿಲಿಟರಿಯವರು ಸೀಟುಗಳನ್ನು ಕಿತ್ತು, ಒಳಗೆಲ್ಲ ರೇಡಿಯೋ ಪೆಟ್ಟಿಗೆ ತುಂಬಿ, ಸಮುದ್ರ ಕಾಯುವುದಕ್ಕೆ ಹಚ್ಚಿದರಂತೆ.

“ವಯಸ್ಸಾದ್ಮೇಲೆ ಕಾಯಾಕ್ ಕೂರ್ಸಾದು ಎಲ್ಲಾ ಕಡೇಲೂ ಒಂದೇಯ ಅನ್ನು,” ಎಂದೆ. “ನನ್ನುವೆ ಇಲ್ಲಿ ಅಪ್ಪಳ ಕಾಯಾಕ್ ಕೂರ್ಸವ್ರೆ.”

ಸಿದ್ದರಾಜುವಿನ ಕೆಲಸ ಕಿಟಕಿಯಲ್ಲಿ ಕೂತು ನೀರು ನೋಡುವುದು. ನೀರೊಳಗೆ ಅಡಗಿ ಬರುವ ಶತ್ರುಗಳ ಹಡಗು ಆಗಾಗ ಒಂದು ಕೊಳವೆ ಮೇಲೆತ್ತಿ ಇಣುಕುತ್ತದಂತೆ. ಅದು ಕಂಡರೆ ಕೂಗಿ ಹೇಳಬೇಕು. ಒಂದು ಸಲ ಹತ್ತಿದರೆ ಹನ್ನೆರಡು ಗಂಟೆ ಹಾಗೇ ಕೂತಿರಬೇಕು. ಕಬ್ಬಿನ ಗದ್ದೆಯಲ್ಲಿ ಅಟ್ಟಣೆ ಕಟ್ಟಿ ಹಂದಿ ಕಾಯುತ್ತೇವಲ್ಲ, ಅದೇ ಕೆಲಸ. ಸಂಬಳ ಮಾತ್ರ ಬೇರೆ.

ಎಪ್ಪತ್ತೊಂದನೇ ಇಸವಿ ವೈಶಾಖದಲ್ಲಿ ಅವನಿಗೆ ಮಳವಳ್ಳಿ ಕಡೆಯ ಯಶೋದೆಯನ್ನು ತಂದೆವು. ಹೈಸ್ಕೂಲು ಮುಗಿಸಿದ ಹುಡುಗಿ. ಹತ್ತೊಂಬತ್ತು ದಿನ ಅವಳ ಜೊತೆ ಇದ್ದು ಅವನು ಪೂನಾಕ್ಕೆ ಹೊರಟುಹೋದ. ಅಲ್ಲಿ ಸಂಸಾರಕ್ಕೆ ಮನೆ ಸಿಕ್ಕಿದ ಮೇಲೆ ಕರೆಸಿಕೊಳ್ಳುತ್ತೇನೆ ಅಂದಿದ್ದ. ಯಶೋದೆ ಟ್ರಂಕಿಗೆ ಬಟ್ಟೆ ಜೋಡಿಸಿ ಇಟ್ಟಳು. ಆಷಾಢ, ಶ್ರಾವಣ, ಭಾದ್ರಪದ ಕಳೆದವು. ಜಿರಳೆ ಹೊಡೆಯದಿರಲಿ ಅಂತ ವಾರಕ್ಕೊಮ್ಮೆ ಬಟ್ಟೆ ಹೊರಗೆ ತೆಗೆದು ಕೊಡವಿ ಮತ್ತೆ ಮಡಿಸಿಡುವಳು.

ನಮ್ಮಲ್ಲಿ ಮರ್ಯಾದಸ್ಥ ಮಗ ಹೆಂಡತಿ ಹೆಸರಿಗೆ ಕಾಗದ ಹಾಕುವುದಿಲ್ಲ. ತಾಯಿ ಹೆಸರಿಗೆ ಹಾಕುತ್ತಾನೆ. ಹೆಂಡತಿಗೆ ಹೇಳಬೇಕಾದ್ದನ್ನೂ ಅದರಲ್ಲೇ ಸೇರಿಸುತ್ತಾನೆ. ಓದು ಬಾರದ ತಾಯಿಗೆ ಓದಿ ಹೇಳುವವಳು ಅದೇ ಹೆಂಡತಿ. ಹಾಗಾಗಿ ಯಶೋದೆ ಓದುವಾಗ ಕಾಗದ ಅರ್ಧಕ್ಕರ್ಧ ಸವೆದುಹೋಗುತ್ತಿತ್ತು.

“ಮೂರ್ ಆಳೆ ಕಾಗ್ದ, ಮೂರೇ ಮಾತ್ಗೆ ಮುಗುದೋಯ್ತಾ? ಮಿಕ್ಕಿದ್ದ ನುಂಗ್ಕಂಡ್ಯಾ ಎಂಗಮ್ಮಿ?”

“ಏನಿಲ್ಲ ಕನತ್ತೆ, ಬರೀ ಕ್ಷೇಮಸಮಾಚಾರ.”

“ಕ್ಷೇಮಸಮಾಚಾರ ಓದುದ್ರೆ ಕಿವಿ ಯಾಕ್ ಕೆಂಪಾಯ್ತವೆ? ನಮ್ ಕಾಲ್ದಾಗೆ ಕ್ಷೇಮಸಮಾಚಾರ ಇಂಗಿರ್ನಿಲ್ಲಪ್ಪ.”

ಸೆರಗು ಬಾಯಿಗೆ ಒತ್ತಿಕೊಂಡು ಬಿದ್ದು ಬಿದ್ದು ನಗುವಳು. ಆ ನಗುವಿಗೇ ನಾನು ಕೆಟ್ಟಿದ್ದು. ಮನೆಯಲ್ಲಿ ಜನ ಇಲ್ಲದೆ ಇರಲಿಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹೋಗಿಬರುವ ಹಿರಿಮಗ ಹೊನ್ನಯ್ಯ, ಅವನ ಹೆಂಡತಿ ಇಂದ್ರಮ್ಮ, ಅವರ ಮೂರು ಮಕ್ಕಳು, ಎಲ್ಲ ಇದ್ದರು. ಆದರೆ ಇಂದ್ರಮ್ಮನಿಗೆ ಆಕಾಶ ಕಳಚಿಬಿತ್ತು ಅಂದರೂ ‘ಊಂ’ ಅನ್ನುವಳು. ಯಶೋದೆ ‘ಆಮೇಲೆ?’ ಅನ್ನುವಳು. ಆಮೇಲೆ ಅನ್ನುವವರು ಒಬ್ಬರು ಸಿಕ್ಕರೆ ನಾನು ಚಂದ್ರನಿಗೂ ಮದುವೆ ಮಾಡಿಬಿಡುತ್ತೇನೆ.

ಬಾವಿಕಟ್ಟೆಯಲ್ಲೊಂದು ದಿನ ಪಕ್ಕದ ಮನೆಯ ಚಿಕ್ಕಬೋರಮ್ಮ ಕೇಳಿದಳು, “ಅನ್ನೆರ್ಡು ಗಂಟೆ ಮೇಲೇ ಇರ್ತಾನಾ? ಕಾಪಿ ಗೀಪಿ ಬ್ಯಾಡ್ವಾ ಮಗೀಗೆ?”

“ಬ್ಯಾಡ್ದೆ ಏನು? ಸಂದೆ ನಾಕ್ ಗಂಟೆಗೆ ಸಮುದ್ರದ ಮದ್ಯಕ್ಕೆ ನಮ್ಮೋರ ಹಡಗು ಬಂದ್ ನಿಂತಿರ್ತದೆ. ಎಮ್ಮೆ ಮೇಲೆ ಬೆಳ್ಳಕ್ಕಿ ಕೂತ್ಕತ್ತದಲ್ಲಾ, ಅಂಗೆ ಇಳ್ದು ಕೂತ್ಕತ್ತದೆ ವಿಮಾನ. ಕಾಪಿ ಕುಡ್ದು, ಎಲ್ಡು ವಡೆ ತಿಂದು ಎದ್ದೋಯ್ತದೆ.”

“ದಿನಾಲೂವಾ?”

“ಅಮಾಸೆ ದಿನ ಮಾತ್ರ ವಡೆ ಇಲ್ಲ, ಪಾಯ್ಸ.”

ಮನೆಗೆ ಬರುವ ದಾರಿಯಲ್ಲಿ ಯಶೋದೆ ಮೆಲ್ಲಗೆ ಕೇಳಿದಳು, “ಹಡಗಿನ ಮೇಲೆ ಇಳಿಯಾದು ದಿಟವಾ ಅತ್ತೆ?” “ಮದ್ವೇಲಿ ಅವ್ನೇ ಏಳುದ್ನಲ್ಲ. ನೀನು ಬಳೆ ನೋಡ್ಕಂಡ್ ಕೂತಿದ್ದೆ,” ಎಂದೆ. ಊರಿನ ಜನ ನನ್ನ ಮಾತಿನಲ್ಲಿ ಅರ್ಧ ಕಳೆದು ಕೇಳುತ್ತಾರೆ. ಅವತ್ತು ಅವರೆಲ್ಲ ಪಾಯಸವನ್ನು ಕಳೆದು ಹಡಗನ್ನು ನಂಬಿಕೊಂಡರು.

ಆದರೂ ನನಗೇ ಅನುಮಾನ ಬಂದು, ವಿಮಾನ ನೀರಿನ ಮೇಲೆ ಇಳಿಯುತ್ತದಾ ಅಂತ ಅವನನ್ನು ಕೇಳಿ ಹೊನ್ನಯ್ಯನ ಕೈಲಿ ಕಾಗದ ಬರೆಸಿದ್ದೆ. ಅದಕ್ಕೆ ಉತ್ತರ ಕಾರ್ತಿಕದಲ್ಲಿ ಬಂತು. ಸಂತೆಗೆ ಮದ್ದೂರಿಗೆ ಹೋದವಳ ಕೈಗೆ ಅಂಚೆಯವನು ಅಲ್ಲೇ ಕೊಟ್ಟ. ಮನೆಗೆ ಹೋಗುವ ತನಕ ತಡೆಯಲಾರದೆ, ಬದನೆಕಾಯಿ ಆರಿಸುತ್ತಿದ್ದ ಯೋಗಾನರಸಿಂಹ ಮೇಷ್ಟ್ರ ಹತ್ತಿರ ಓದಿಸಿದೆ. ಹೊನ್ನಯ್ಯನಿಗೆ ಅಕ್ಷರ ಕಲಿಸಿದವರು ಅವರು. ಒಂದಕ್ಷರ ಬಿಡದೆ ಓದಿದರು. ಪೂನಾದಲ್ಲಿ ಮನೆ ಸಿಕ್ಕಿತ್ತು. ಸಿದ್ದರಾಜುವಿನ ಜೊತೆ ಕೆಲಸ ಮಾಡುವ ದುದ್ದದ ಶಿವಣ್ಣನ ಹೆಂಡತಿ ಅವಳಣ್ಣನ ಜೊತೆ ಇಪ್ಪತ್ತೆಂಟನೇ ತಾರೀಕು ಪೂನಾಕ್ಕೆ ಹೊರಡುತ್ತಾಳೆ, ಯಶೋದೆಯನ್ನೂ ಅವರ ಸಂಗಡ ಕಳಿಸು ಅಂತ ಬರೆದಿದ್ದ.

“ಕಳಿಸಿಕೊಟ್ಟುಬಿಡಿ ಅಂಕಮ್ಮ,” ಎಂದರು ಮೇಷ್ಟ್ರು. “ಪಾಪ, ಹುಡುಗನಿಗೆ ನೀರು ನೋಡಿ ನೋಡಿ ಸಾಕಾಗಿರೋ ಹಾಗಿದೆ.”

“ಕಳಿಸ್ದೆ ಇಟ್ಕಂಡು ಉಪ್ಪಿನ್ಕಾಯಾ ಆಕ್ತೀನಾ ಸ್ವಾಮಿ?” ಎಂದು ನಕ್ಕು ಬಂದೆ.

ಮನೆ ತಲುಪಿದಾಗ ಯಶೋದೆ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದಳು. “ಕಾಗ್ದ ಬಂತಾ ಅತ್ತೆ?” ಎಂದಳು. ದಿನಾ ಕೇಳುವ ಮಾತು. “ಎಲ್ ಬತ್ತದೆ, ಸಮುದ್ರದಾಗೆ ಅಂಚೆ ಡಬ್ಬ ಇಟ್ಟವ್ರಾ?” ಎಂದೆ. ಅವಳು ನಕ್ಕಳು. ನಾನು ಒಳಗೆ ಹೋಗಿ ಕಾಗದವನ್ನು ಹುರುಳಿ ಗಡಿಗೆಯೊಳಗೆ ಮೊಣಕೈ ತನಕ ಹೂತುಬಿಟ್ಟೆ. ಕುಯ್ಲು ಮುಗಿಯಲಿ, ಆಮೇಲೆ ಕಳಿಸಿದರಾಯಿತು ಅಂತ ನನಗೆ ನಾನೇ ಹೇಳಿಕೊಂಡೆ.

ಆ ಮಾತು ನನ್ನದಲ್ಲ, ನನ್ನ ಅತ್ತೆಯದು. ನನ್ನ ಗಂಡ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸದಲ್ಲಿದ್ದ. ಅವನಿಗೂ ಅಲ್ಲಿ ಮನೆ ಕೊಟ್ಟಿದ್ದರು. ಕರೆದುಕೊಂಡು ಹೋಗುತ್ತೇನೆ ಅಂತ ಬಂದಾಗಲೆಲ್ಲ ನನ್ನ ಅತ್ತೆ, “ನಾಟಿ ಆಗೋಗ್ಲಿ ಬುಡ್ಲಾ,” ಅನ್ನುವಳು. ನಾಟಿ ಆದರೆ ಕುಯ್ಲು. ಕುಯ್ಲು ಆದರೆ ಎಮ್ಮೆ ಈಯುವುದಿತ್ತು. ನಮ್ಮ ಎಮ್ಮೆ ಈದಷ್ಟು ಸಲ ಲೋಕದಲ್ಲಿ ಯಾವ ಎಮ್ಮೆಯೂ ಈದಿಲ್ಲ. ಅವನು ವರ್ಷಕ್ಕೆ ಎರಡು ಸಲ ಬರುವನು. ಹೊನ್ನಯ್ಯ ದಸರಾ ರಜದವನು, ಸಿದ್ದರಾಜು ಯುಗಾದಿ ರಜದವನು. ಸಿದ್ದರಾಜು ಅಂಬೆಗಾಲಿಡುವ ಹೊತ್ತಿಗೆ ಭದ್ರಾವತಿಯಿಂದ ತಂತಿ ಬಂತು. ಜ್ವರದಲ್ಲಿ ಹೋಗಿಬಿಟ್ಟನಂತೆ. ಆ ಮನೆಗೆ ಬಾಗಿಲು ಯಾವ ದಿಕ್ಕಿಗಿತ್ತು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಇಷ್ಟೆಲ್ಲ ಪಟ್ಟವಳು ನಾನು. ಗೊತ್ತಿದ್ದೂ ಮಾಡಿದೆ.

ಇಪ್ಪತ್ತೆಂಟನೇ ತಾರೀಕು ಬಂದು ಹೋಯಿತು. ಐದು ದಿನಕ್ಕೆ ಯುದ್ಧ ಶುರುವಾಯಿತು. ಬೆಂಗಳೂರು ರಸ್ತೆಯ ಬಸ್ಸು ಲಾರಿಗಳ ದೀಪಕ್ಕೆ ಕರಿ ಬಣ್ಣ ಬಳಿದರು. ಕಳಿಸದೇ ಇದ್ದದ್ದೇ ಒಳ್ಳೆಯದಾಯಿತು ನೋಡು ಅಂತ ನಾನು ಮನಸ್ಸಿನಲ್ಲೇ ಜಂಬ ಪಟ್ಟೆ. ಯಶೋದೆ ಮಾತ್ರ ಮೂರು ಹೊತ್ತೂ ಚಿಕ್ಕಬೋರಮ್ಮನ ಗಂಡ ಚಿಕ್ಕಬೋರಯ್ಯನ ಜಗಲಿಯಲ್ಲಿ, ರೇಡಿಯೋ ಮುಂದೆ. ಸಮುದ್ರ ಅನ್ನುವ ಮಾತು ಬಂದರೆ ಉಸಿರು ಹಿಡಿಯುವಳು. ಪೂನಾದಿಂದ ಕಾಗದ ಬರುವುದು ನಿಂತುಹೋಗಿತ್ತು. ಬಂದಿದ್ದ ಒಂದು ಹುರುಳಿಯೊಳಗಿತ್ತು.

ವಾರ ಕಳೆದಿರಬೇಕು. ಹೊನ್ನಯ್ಯ ಕಾರ್ಖಾನೆಗೆ, ಇಂದ್ರಮ್ಮ ಕಣಕ್ಕೆ ಹೋಗಿದ್ದರು. ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಯಶೋದೆ ಒಳಗೆ ಒಲೆಗೆ ಪುಳ್ಳೆ ಹಾಕುತ್ತಿದ್ದಳು. ಚಿಕ್ಕಬೋರಮ್ಮ, ಅವಳ ಹಿಂದೆ ಬೀದಿಯ ನಾಲ್ಕು ಹೆಂಗಸರು ಬಂದರು. ಚಿಕ್ಕಬೋರಮ್ಮ ತಲೆ ಮೇಲಿನ ಕುಕ್ಕೆ ಇಳಿಸಿ ನನ್ನ ಮುಂದಿಟ್ಟಳು. ಕುಕ್ಕೆಗೆ ಬಟ್ಟೆ ಮುಚ್ಚಿತ್ತು, ಅಡಿಯಿಂದ ಹಬೆ ಬರುತ್ತಿತ್ತು.

“ಏನಮ್ಮಿ, ಮಗಳು ಬಸ್ರಿಯಾ? ಏನ್ ತಂದಿದ್ದೀಯೆ?”

ಅವಳು ಕಣ್ಣು ಒರೆಸಿಕೊಂಡಳು. “ಒಲೆ ಅಚ್ಬ್ಯಾಡಿ ಕನಕ್ಕ,” ಎಂದಳು. ಅಷ್ಟೇ. ಒಂದು ಗಳಿಗೆ ಕೂತಿದ್ದು ಎಲ್ಲರೂ ಎದ್ದರು. ‘ಬತ್ತೀನಿ’ ಅಂತ ಒಬ್ಬರೂ ಅನ್ನಲಿಲ್ಲ.

ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದು, ಅಕ್ಕಪಕ್ಕದವರು ಮುದ್ದೆ ಸಾರು ತಂದಿಡಬೇಕು. ಆ ಮನೆಯಿಂದ ಏಳುವಾಗ ಬತ್ತೀನಿ ಅನ್ನಬಾರದು. ಇದು ನಮ್ಮ ಕಡೆ ಹೆಣ್ಣುಮಗುವಿಗೂ ಗೊತ್ತಿರುವ ಪದ್ಧತಿ. ಯಶೋದೆ ಹೊಸಲ ಮೇಲೆ ಬಂದು ನಿಂತಿದ್ದಳು. ಕುಕ್ಕೆ ನೋಡಿದಳು. ಬೆನ್ನು ತಿರುಗಿಸಿ ಮಾತಿಲ್ಲದೆ ಹೋಗುತ್ತಿದ್ದ ಹೆಂಗಸರನ್ನು ನೋಡಿದಳು.

“ಯಾರು?” ಎಂದಳು.

ಬೀದಿಯಲ್ಲಿ ನಿಂತಿದ್ದ ಚಿಕ್ಕಬೋರಯ್ಯ ತಲೆ ಮೇಲಿನ ಟವಲು ತೆಗೆದ. “ರೇಡಿಯೋದಾಗ್ ಬಂತು ಕನವ್ವ. ನಮ್ಮೋರ ಹಡಗ್ಗೆ ಒಡುದ್ರಂತೆ, ಮುಳುಗೋಯ್ತಂತೆ. ಸಂದೆ ಒತ್ತಂತೆ. ನಿಮ್ ಸಿದ್ದರಾಜು ಕಾಪಿ ಕುಡಿಯಾ ಒತ್ತು...”

ನಾನು ಎದ್ದ ರಭಸಕ್ಕೆ ಅವರೆಕಾಯಿ ಮೊರ ಬೀದಿಗೆ ಬಿತ್ತು. “ಲೇ, ಅದು ಸುಳ್ಳು ಕಣ್ರೋ! ಕಾಪಿನೂ ಇಲ್ಲ ವಡೆನೂ ಇಲ್ಲ. ವಿಮಾನ ಹಡಗಿನ್ ಮೇಲೆ ಇಳಿಯಕ್ಕಿಲ್ಲ. ನಾನ್ ಕಟ್ಟಿದ್ದು!”

“ದುಕ್ಕಕ್ಕೆ ತಲೆ ತಿರುಗೋಯ್ತು, ಇಡ್ಕಳ್ರಮ್ಮಿ,” ಎಂದಳು ಚಿಕ್ಕಬೋರಮ್ಮ. ಇಬ್ಬರು ಬಂದು ನನ್ನ ರಟ್ಟೆ ಹಿಡಿದರು.

“ಬುಡ್ರೇ ನನ್ನ! ಯಶೋದೆ, ನಾನೇ ಸುಳ್ಳೇಳಿದ್ದು ಕನವ್ವ.”

ಅವಳಿಗೆ ನನ್ನ ಮಾತು ಕೇಳಿಸಲೇ ಇಲ್ಲ. ಎಡಗೈಯಿಂದ ಬಲಗೈ ಬಳೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಯಾರೋ ಬಂದು ಕಿತ್ತುಕೊಳ್ಳುತ್ತಾರೆ ಅನ್ನುವ ಹಾಗೆ. ಜೀವಮಾನದಲ್ಲಿ ಒಂದು ಸಲ ನಿಜ ಹೇಳಿದರೆ ಒಬ್ಬರೂ ನಂಬುತ್ತಿಲ್ಲ. ನಂಬಿಸಲು ನನ್ನ ಹತ್ತಿರ ಒಂದೇ ದಾರಿ ಇತ್ತು. ರಟ್ಟೆ ಬಿಡಿಸಿಕೊಂಡು ಒಳಗೆ ಓಡಿದೆ. ಗಡಿಗೆಯನ್ನೇ ಬೋರಲು ಹಾಕಿದೆ. ಹುರುಳಿ ನೆಲವೆಲ್ಲ ಹರಿಯಿತು. ಕಾಗದ ತಂದು ಅವಳ ಮುಂದೆ ಹಿಡಿದೆ.

“ಓದು.”

“ಇದ್ಯಾವ್ ಕಾಗ್ದ?”

“ಓದಮ್ಮಿ ಮೊದ್ಲು. ಎಲ್ರಿಗೂ ಕೇಳಂಗೆ ಓದು.”

ಯಶೋದೆ ಓದಿದಳು. ಈ ಸಲ ಒಂದು ಮಾತನ್ನೂ ನುಂಗಲಿಲ್ಲ.

“ಅವ್ವನಿಗೆ ನಮಸ್ಕಾರ. ವಿಮಾನ ನೀರಿನ ಮೇಲೆ ಇಳಿಯುತ್ತದೆಯೇ ಎಂದು ಕೇಳಿದ್ದೀಯೆ. ಇಲ್ಲ. ಹಡಗಿನ ಮೇಲೂ ಇಳಿಯುವುದಿಲ್ಲ. ಪೂನಾದಲ್ಲಿ ಹತ್ತಿದರೆ ಪೂನಾದಲ್ಲೇ ಇಳಿಯುವುದು. ಇದು ಇಳಿಯಬೇಕಾದರೆ ನಮ್ಮೂರಿಂದ ಶಿವಪುರದವರೆಗೆ ಸಿಮೆಂಟು ಹಾಸಿರಬೇಕು. ಅಷ್ಟುದ್ದದ ಹಡಗು ಯಾವ ದೇಶದಲ್ಲೂ ಇಲ್ಲ. ಇದನ್ನು ಊರಲ್ಲಿ ಹೇಗೆ ಹೇಳುತ್ತೀಯೋ ನಿನಗೆ ಬಿಟ್ಟಿದ್ದು.”

ಬೀದಿಯಲ್ಲಿ ಯಾರೋ ಉಸಿರು ಬಿಟ್ಟರು. ಯಶೋದೆಯ ಮುಖಕ್ಕೆ ರಕ್ತ ಬಂತು. ಅಲ್ಲಿಗೇ ನಿಲ್ಲಿಸಲಿ ಅಂತ ಮನಸ್ಸಿನಲ್ಲೇ ಎಲ್ಲ ದೇವರಿಗೂ ಹರಕೆ ಹೊತ್ತೆ. ಅವಳು ನಿಲ್ಲಿಸಲಿಲ್ಲ.

“ವಿಮಾನದೊಳಗೆ ಸೀಟೆಲ್ಲ ಕಿತ್ತು ನಮಗೆಂದು ಎರಡು ಮೂರು ಜೋಡಿ ಉಳಿಸಿದ್ದಾರೆ. ಕಿಟಕಿ ಕಡೆಯದರಲ್ಲಿ ನಾನು ಕೂರುತ್ತೇನೆ. ಪಕ್ಕದ್ದು ಖಾಲಿ. ಹಿಂದೆ ಲಂಡನ್ನಿಗೆ ಹೋಗುವ ಗಂಡ ಹೆಂಡತಿ ಅಲ್ಲಿ ಕೂರುತ್ತಿದ್ದರೇನೋ. ಸೀಟಿನ ಸಂದಿಯಲ್ಲಿ ಯಾವ ಹೆಂಗಸಿನದೋ ಒಂದು ತಲೆಪಿನ್ನು ಸಿಕ್ಕಿತು. ಎಸೆಯಲು ಮನಸ್ಸಾಗದೆ ಅಲ್ಲೇ ಇಟ್ಟಿದ್ದೇನೆ. ಗಂಟೆಗಟ್ಟಲೆ ನೀರು ನೋಡಿ ಕಣ್ಣು ಕಟ್ಟಿದಾಗ ಪಕ್ಕಕ್ಕೆ ತಿರುಗಿ, ಯಶೋದಾ, ಅದೋ ಮೀನಿನ ಹಿಂಡು ಎನ್ನುತ್ತೇನೆ. ಹಿಂದೆ ಕೂತ ಶಿವಣ್ಣ ನಗುತ್ತಾನೆ. ಅವ್ವ, ನನಗೆ ಇಲ್ಲಿ ಮನೆ ಸಿಕ್ಕಿದೆ. ಒಂದು ಕೋಣೆ, ಒಂದು ಅಡುಗೆಮನೆ...”

ಇಪ್ಪತ್ತೆಂಟನೇ ತಾರೀಕಿನವರೆಗೂ ಓದಿದಳು. ಕಾಗದ ಮಡಿಸಿದಳು. ಚಿಕ್ಕಬೋರಮ್ಮ ಕುಕ್ಕೆ ಎತ್ತಿಕೊಂಡು, “ಇದ್ನ ಈಗ ಏನ್ ಮಾಡಾದು? ಬದುಕಿರೋರ್ ಮನೇಲಿ ಉಣ್ಣಂಗಿಲ್ಲ, ನಾಯ್ಗೂ ಆಕಂಗಿಲ್ಲ,” ಅಂತ ಗೊಣಗುತ್ತಾ ಹೋದಳು. ಬೀದಿ ಮುಟ್ಟಿದ ಮೇಲೆ ತಿರುಗಿ, “ಬತ್ತೀನಿ ಕನಕ್ಕ,” ಅಂತ ಎರಡೆರಡು ಸಲ ಕೂಗಿದಳು.

ನಾವಿಬ್ಬರೇ ಉಳಿದೆವು.

“ಇದ್ ಯಾವತ್ ಬಂತತ್ತೆ?”

“ಕಾರ್ತೀಕದಾಗೆ. ಸಂತೆ ದಿನ.”

“ಇಪ್ಪತ್ತೆಂಟನೇ ತಾರೀಕು ನಾನೇನ್ ಮಾಡ್ತಿದ್ದೆ?”

ನನಗೆ ನೆನಪಿತ್ತು. “ನನ್ ಕಾಲ್ಗೆ ಅಳ್ಳೆಣ್ಣೆ ತಿಕ್ತಿದ್ದೆ ಕನವ್ವ.”

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಬೈದು, ಅತ್ತು, ಮುಗಿದುಹೋಗುತ್ತಿತ್ತು. ಕೂತು ಒಂದೊಂದೇ ಹುರುಳಿ ಆರಿಸಿ ಗಡಿಗೆಗೆ ತುಂಬಿದಳು. ಆಮೇಲಿನ ದಿನಗಳಲ್ಲಿ ಮುದ್ದೆ ಬಡಿಸಿದಳು, ನೀರು ಕಾಯಿಸಿದಳು, ಕಾಲು ತಿಕ್ಕಿದಳು. ನಗುವುದನ್ನು ಮಾತ್ರ ಬಿಟ್ಟಳು. ನಾನು ಚಂದ್ರನಿಗೆ ಎರಡನೇ ಮದುವೆ ಮಾಡಿಸಿದರೂ ‘ಊಂ’ ಅಂದಳು.

ಯುದ್ಧ ಹದಿನಾಲ್ಕು ದಿನಕ್ಕೆ ಮುಗಿಯಿತು. ಧನುರ್ಮಾಸ ಕಾಲಿಟ್ಟ ಮೇಲೆ ಪೂನಾದಿಂದ ಒಂದು ಕಾರ್ಡು ಬಂತು. ಯಶೋದೆ ನನ್ನ ಎದುರು ನಿಂತೇ ಓದಿದಳು. “ಅವ್ವ, ನಾನು ಕ್ಷೇಮ. ಶಿವಣ್ಣನ ಹೆಂಡತಿ ಬಂದಳು. ಯಶೋದಾ ಯಾಕೆ ಬರಲಿಲ್ಲ ಎಂದರೆ ಗೊತ್ತಿಲ್ಲ ಎಂದಳು. ಅವಳಿಗೆ ಬರಲು ಮನಸ್ಸಿಲ್ಲದಿದ್ದರೆ ಬಲವಂತ ಮಾಡಬೇಡ. ಮನೆಯನ್ನು ವಾಪಸು ಕೊಡುತ್ತೇನೆ.” ಓದಿ ಮುಗಿಸಿ ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಹಾಕಿದ ಸದ್ದು ಎಷ್ಟು ಹೊತ್ತಾದರೂ ಕೇಳಿಸಲಿಲ್ಲ.

ಸಂಜೆ ಹೊನ್ನಯ್ಯ ಬಂದು ಸೈಕಲ್ ನಿಲ್ಲಿಸುವ ಮೊದಲೇ ಹೇಳಿದೆ. “ರಜ ಬರ್ದಾಕ್ಲಾ. ನಾಡಿದ್ದು ಯಶೋದೆನ ಕರ್ಕಂಡು ಪೂನಾಕ್ಕೋಗು. ಬತ್ತಾವ್ಳೆ ಅಂತ ನಾಳೆನೇ ತಂತಿ ಕೊಡು.”

“ಸೂನ್ಯಮಾಸ ಕನವ್ವ. ಒಸ ಎಣ್ಣ ಯಾರಾದ್ರೂ ಈಗ ಕಳಿಸ್ತಾರಾ?”

ಸುದ್ದಿ ಕೇಳಿ ಮಾರನೇ ದಿನ ಮಳವಳ್ಳಿಯಿಂದ ಯಶೋದೆಯ ಅಪ್ಪನೂ ಬಸ್ಸು ಹತ್ತಿ ಬಂದ. “ಸಂಕ್ರಾಂತಿ ಆಗೋಗ್ಲಿ ಬುಡಕ್ಕ. ಇನ್ ಇಪ್ಪತ್ ದಿನ. ಏಳ್ ತಿಂಗಳು ತಡ್ದವ್ಳಿಗೆ ಇಪ್ಪತ್ ದಿನ ಎಚ್ಚಾ?”

“ಎಚ್ಚು,” ಎಂದೆ. “ಸಂಕ್ರಾಂತಿ ಆದ್ರೆ ಕಬ್ಬು, ಕಬ್ಬಾದ್ರೆ ಎಮ್ಮೆ. ನನ್ಗೆ ಈ ಲೆಕ್ಕ ಬಾಯ್ಪಾಟ ಬೀಗ್ರೆ. ದೋಸ ಬಂದ್ರೆ ನನ್ ತಲೆಗಿರ್ಲಿ. ಮೊದ್ಲೇ ಒಂದು ಮೂಟೆ ಅದೆ, ಅದ್ರ ಮೇಲೆ ಇದೊಂದು.”

ಮದ್ದೂರು ಸ್ಟೇಷನ್ನಿಗೆ ನಾನೂ ಹೋದೆ. ಪೂನಾದ ತನಕ ಹೋಗಿ ನೋಡಿಬರುವ ಆಸೆ ಇತ್ತು. ಆದರೆ ಅಲ್ಲಿ ಇರುವುದೇ ಒಂದು ಕೋಣೆ. ಹೊನ್ನಯ್ಯ ಟ್ರಂಕು ಒಳಗೆ ಸೇರಿಸಿ ಬಾಗಿಲಲ್ಲಿ ನಿಂತ. ಯಶೋದೆ ಕಿಟಕಿಗೆ ಕೂತಳು. ನಾನು ಹೊರಗಿಂದ ಸರಳು ಹಿಡಿದುಕೊಂಡು, ಪೂನಾದಲ್ಲಿ ಚಳಿಗೆ ಕಾಗೆಗಳು ಸ್ವೆಟರು ಹಾಕುತ್ತವಂತೆ ಅಂದೆ. ಅವಳು ನಗಲಿಲ್ಲ. ಬೆರಳಿಂದ ಸರಳಿನ ತುಕ್ಕು ಕೆರೆಯುತ್ತಿದ್ದಳು.

“ಅತ್ತೆ, ಯಾಕ್ ಬರ್ನಿಲ್ಲ ಅಂತ ಕೇಳ್ತಾರೆ. ಕುಯ್ಲು ಮುಗುಸ್ಕಂಡು ಬರಾನ ಅಂತ ನಾನೇ ಅಂದೆ ಅಂತೀನಿ. ನಿಮ್ ಇಸ್ಯ ಏಳಕ್ಕಿಲ್ಲ.”

ಆಸೆಯಾಯಿತು. ಮಗನ ಮುಂದೆ ಯಾವ ತಾಯಿಗೆ ತಾನು ಚೆನ್ನಾಗಿ ಕಾಣುವ ಆಸೆ ಇರುವುದಿಲ್ಲ? ಎಂಜಿನ್ನು ಕೂಗಿತು.

“ಬ್ಯಾಡ ಕನವ್ವ,” ಎಂದೆ. “ಅಂಗಂದ್ರೆ ನಿನ್ಗೆ ಅವ್ನಿಗಿಂತ ಬತ್ತ ಎಚ್ಚಾಯ್ತು ಅನ್ಕತಾನೆ. ಸಾಯಾಗಂಟ ಅದ್ನೇ ಕೊರೀತಾನೆ. ಅವ್ವ ಕಾಗ್ದ ಬಚ್ಚಿಟ್ಲು ಅನ್ನು. ಉಳ್ಳಿಕಾಳ್ ಗಡಿಗೇಲಿ ಅಂತ್ಲೂ ಏಳು.”

ಅವಳು ನನ್ನನ್ನು ನೋಡಿದಳು. ಸರಳಿನ ಮೇಲಿದ್ದ ನನ್ನ ಬೆರಳುಗಳ ಮೇಲೆ ಕೈ ಇಟ್ಟಳು. ಏನೋ ಹೇಳುವವಳಿದ್ದಳು. ಗಾಡಿ ಎಳೆಯಿತು. ನಾಲ್ಕು ಹೆಜ್ಜೆ ನಾನೂ ಜೊತೆಗೆ ನಡೆದೆ, ಐದನೆಯದಕ್ಕೆ ಕೈ ಬಿಟ್ಟುಹೋಯಿತು. ಕಿಟಕಿಯಿಂದ ಒಂದು ಕೈ ಹೊರಗೆ ಬಂದದ್ದು ಕಂಡಿತು. ಅದು ಅವಳದೋ ಬೇರೆಯವರದೋ ನನ್ನ ಕಣ್ಣಿಗೆ ತಿಳಿಯಲಿಲ್ಲ.

ಗಾಡಿ ಹೋಗಿ ಹೊಗೆ ಕರಗಿದ ಮೇಲೂ ನಿಂತೇ ಇದ್ದೆ. ವಡೆ ಮಾರುವವನು ತಟ್ಟೆ ಇಳಿಸಿ ಪಕ್ಕದಲ್ಲಿ ಕೂತ.

“ಯಾರಜ್ಜಿ, ಮಗಳಾ? ಯಾವೂರ್ಗೆ ಓಯ್ತಾವ್ಳೆ?”

ಬೇರೆ ದಿನವಾಗಿದ್ದರೆ ಅವಳನ್ನು ಲಂಡನ್ನಿಗೇ ಕಳಿಸುತ್ತಿದ್ದೆ.

“ಗಂಡನ್ ತಾವ್ಕೆ ಕಣಪ್ಪ,” ಎಂದೆ.